ಎಂಟು ನಂಬರಿನ ಅಪ್ಪ

ನನಗೆ ಜನರ ಮುಖ ನೆನಪಿರುವುದಿಲ್ಲ, ಕಾಲು ನೆನಪಿರುತ್ತದೆ. ಇದೊಂದು ಕಾಯಿಲೆ ಎಂದು ನನ್ನ ಹೆಂಡತಿ, ಇದೊಂದು ವಿದ್ಯೆ ಎಂದು ನಾನು. ಮೆಟ್ರೋದಲ್ಲಿ ಎದುರಿಗೆ ಕೂತವರು ನಕ್ಕು ತಲೆಯಾಡಿಸಿದರೆ ಪೆದ್ದನಂತೆ ಅವರನ್ನೇ ನೋಡುತ್ತೇನೆ. ಆಮೇಲೆ ಕಣ್ಣು ಕೆಳಗಿಳಿದು ಅವರ ಶೂ ಮೇಲೆ ಬೀಳುತ್ತದೆ. ಓಹೋ, ಅಗಲ ಪಾದ, ಹತ್ತು ನಂಬರು, ದೀಪಾವಳಿಗೆ ಕಂದು ಬಣ್ಣದ್ದು ಒಯ್ದವರು ಎಂದು ಎಲ್ಲವೂ ಒಟ್ಟಿಗೆ ನೆನಪಾಗುತ್ತದೆ. ಹೌಜ್ ಖಾಸ್ ಹತ್ತಿರದ ಒಂದು ಮಾರ್ಕೆಟ್ಟಿನ ಶೂ ಅಂಗಡಿಯಲ್ಲಿ ನಾನು ಸೇಲ್ಸ್‌ಮನ್. ಈಚೆಗೆ ಎದೆಯ ಮೇಲಿನ ಬ್ಯಾಡ್ಜು ನನ್ನನ್ನು ‘ಫುಟ್‌ವೇರ್ ಕನ್ಸಲ್ಟೆಂಟ್’ ಎಂದು ಕರೆಯುತ್ತಿದೆ. ಅದು ಬಂದ ದಿನ ಮನೆಯವರಿಗೆಲ್ಲ ಸರದಿಯ ಮೇಲೆ ತೋರಿಸಿದೆ. ಗಿರಾಕಿಯ ಮುಂದೆ ನಾನು ಕೂರುವ ಗಿಡ್ಡ ಸ್ಟೂಲು ಮಾತ್ರ ಹಳೆಯದೇ.

ಈ ಕಾಯಿಲೆಯಿಂದ ಒಂದು ಲಾಭವೂ ಆಗಿದೆ. ಹೆಣ್ಣು ನೋಡಲು ಹೋದಾಗ, ತಟ್ಟೆಯಲ್ಲಿ ಉಪ್ಪಿಟ್ಟು ತಂದ ಹುಡುಗಿಯ ಮುಖಕ್ಕೆ ಹೋಗುವ ಮೊದಲೇ ನನ್ನ ಕಣ್ಣು ಅವಳ ಕಾಲಿಗೆ ಹೋಗಿ ಅಲ್ಲೇ ಕೂತುಬಿಟ್ಟಿತು. ಐದು ನಂಬರು. ಹೆಬ್ಬೆರಳಿಗಿಂತ ಎರಡನೆಯ ಬೆರಳು ಉದ್ದ. ಹಾಗಿದ್ದರೆ ಆ ಮನೆಯಲ್ಲಿ ಹೆಂಡತಿಯ ಮಾತೇ ನಡೆಯುತ್ತದೆ ಎಂದು ನಮ್ಮಲ್ಲಿ ಹೆಂಗಸರು ಹೇಳುವುದುಂಟು. ನಾನು ಆ ಎಚ್ಚರಿಕೆಯನ್ನು ಗಮನಿಸದೆ, ಇಂಥ ಬೆರಳಿಗೆ ಮುಂದೆ ಮುಚ್ಚಿದ ಚಪ್ಪಲಿ ಆಗುವುದಿಲ್ಲ, ತೆರೆದದ್ದೇ ಆಗಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಈ ಕಾಲದಲ್ಲೂ ತಲೆ ಎತ್ತದೆ ಕೂತಿರುವ ಹುಡುಗ, ಎಂಥ ಸಂಕೋಚ, ಎಂಥ ಸಂಸ್ಕಾರ ಎಂದು ಅವರ ಮನೆಯ ಹಿರಿಯರು ಮೆಚ್ಚಿಕೊಂಡರಂತೆ. ಮದುವೆಯಾಯಿತು. ಬೆರಳಿನ ವಿಷಯದಲ್ಲಿ ಹೆಂಗಸರು ಹೇಳಿದ್ದೂ ನಿಜವಾಯಿತು.

ನಾನು ಬೆಳೆದದ್ದು ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅಪ್ಪ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ನಮ್ಮ ಸಾಲಿನ ಮನೆಗಳಲ್ಲಿ ಗಂಡು ಮಕ್ಕಳು ಹುಟ್ಟಿದ ಕೂಡಲೇ ಯಾವ ಇಲಾಖೆಗೆ ಎಂಬುದು ಹೆಚ್ಚುಕಡಿಮೆ ನಿಶ್ಚಯವಾಗುತ್ತಿತ್ತು. ನಾನೂ ಪರೀಕ್ಷೆಗಳಿಗೆ ಕೂತೆ. ಕೂತೆ ಎಂಬುದಷ್ಟೇ ನಿಜ. ಫಲಿತಾಂಶ ಬರುವವರೆಗೆ ಸುಮ್ಮನೆ ಮನೆಯಲ್ಲಿ ಯಾಕಿರಬೇಕು ಎಂದು ಹಬ್ಬದ ಸೀಸನ್ನಿಗೆ ಈ ಅಂಗಡಿಗೆ ಸೇರಿಕೊಂಡೆ. ಫಲಿತಾಂಶ ಬಂತು, ಮತ್ತೆ ಬಂತು, ಮತ್ತೂ ಬಂತು. ಸೀಸನ್ ಮುಗಿದರೂ ನನ್ನನ್ನು ಹೋಗು ಎಂದು ಯಾರೂ ಹೇಳಲಿಲ್ಲ. ಈಗ ನನ್ನ ತಲೆ ನರೆಯುತ್ತಿದೆ, ಇನ್ನೂ ಯಾರೂ ಹೇಳಿಲ್ಲ.

ಅಪ್ಪ ಮಾತ್ರ ಅದನ್ನು ಎಂದೂ ‘ಕೆಲಸ’ ಎಂದು ಕರೆಯಲಿಲ್ಲ. ಅವರ ಪ್ರಕಾರ ಕೆಲಸ ಎಂದರೆ ಗೇಟಿನಲ್ಲಿ ಪಾಸ್ ತೋರಿಸಿ ಒಳಗೆ ಹೋಗುವುದು, ಕ್ಯಾಂಟೀನಿನ ಚಹಾ, ವರ್ಗಾವಣೆಯ ಭಯ. ನಾನು ದಿನವೂ ಹೋಗಿ ಬರುತ್ತಿದ್ದದ್ದು ‘ಆ ಅಂಗಡಿ’ಗೆ. ಭಾನುವಾರ ಬೆಳಿಗ್ಗೆ ದೋಸೆ ತಿನ್ನುವಾಗ, “ಕೆಲಸದ ವಿಷಯ ಏನಾಯ್ತು?” ಎಂದು ಕೇಳುತ್ತಿದ್ದರು. ಅದೇ ದಿನ ಮಧ್ಯಾಹ್ನ ನಾನು ಅಂಗಡಿಗೆ ಓಡಬೇಕಾಗಿರುತ್ತಿತ್ತು, ಭಾನುವಾರವೇ ನಮಗೆ ಹೆಚ್ಚು ಗಿರಾಕಿ. ವಯಸ್ಸು ಮೀರಿ ಪರೀಕ್ಷೆಗಳಿಗೆಲ್ಲ ನಾನು ಅನರ್ಹನಾದ ಮೇಲೂ ಅವರ ಪ್ರಶ್ನೆ ನಿಲ್ಲಲಿಲ್ಲ. ಕನ್ನಡ ಸಂಘದಲ್ಲಿ ಯಾರಾದರೂ ಮಗ ಏನು ಮಾಡ್ತಾನೆ ಎಂದರೆ “ಪ್ರೈವೇಟು” ಎಂದು ಹೇಳಿ ಅವರು ಚಟ್ನಿಯ ಕಡೆ ತಿರುಗುತ್ತಿದ್ದರು.

ಅದಕ್ಕೆ ಕಾರಣ ಅಮ್ಮ ಒಮ್ಮೆ ಹೇಳಿದಳು. ಅಪ್ಪನಿಗೆ ತಮ್ಮ ಆಫೀಸಿನ ಜೀವನದ ಬಗ್ಗೆ ಇದ್ದ ಹೆಮ್ಮೆ ಒಂದೇ. ಬಡ್ತಿಗಾಗಲಿ, ಕ್ವಾರ್ಟರ್ಸಿಗಾಗಲಿ ಅವರು ಯಾರ ಕಾಲೂ ಹಿಡಿದವರಲ್ಲ. ಅಂಥವರ ಮಗ ಬೆಳಗಿನಿಂದ ಸಂಜೆಯವರೆಗೆ ಬಂದವರ ಕಾಲನ್ನೆಲ್ಲ ಹಿಡಿದುಕೊಂಡು ಕೂರುತ್ತಾನೆ. ಜೊತೆಗೆ ಚರ್ಮ. ಜಾತಿಯ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರುತ್ತಿರಲಿಲ್ಲ. ಆದರೆ ನಾನು ಅಂಗಡಿಯಿಂದ ಬಂದರೆ ಕೈ ತೊಳೆಯದೆ ಫ್ರಿಜ್ ಮುಟ್ಟುವಂತಿರಲಿಲ್ಲ, ಬ್ಯಾಂಕಿನಿಂದ ಬರುತ್ತಿದ್ದ ನನ್ನ ಚಿಕ್ಕಪ್ಪ ಮುಟ್ಟಬಹುದಾಗಿತ್ತು. ನನಗೆ ಅದು ಅರ್ಥವಾಗುತ್ತಿತ್ತು, ನೋವೂ ಆಗುತ್ತಿತ್ತು. ಹೌಜ್ ಖಾಸಿಗೆ ರಕ್ತ ಪರೀಕ್ಷೆಗೆಂದು ಬಂದಾಗಲೂ ಅಪ್ಪ ನಮ್ಮ ಅಂಗಡಿಯ ಎದುರು ಸಾಲಿನಿಂದ ನಡೆದು ಹೋಗುತ್ತಿದ್ದರು. ಒಮ್ಮೆ ಗಾಜಿನ ಒಳಗಿನಿಂದ ನಾನು ಕಂಡೆ. ಮುಖ ಕಾಣಲಿಲ್ಲ, ಶೂ ಕಂಡಿತು.

ಹಾಗೆಂದು ನಾನೇನೂ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದವನಲ್ಲ. ತಲೆ ತಗ್ಗಿಸುವುದು ಈ ಕೆಲಸದ ಭಂಗಿ, ಅದು ಬೇರೆ. ಒಳಗಿನಿಂದ ನಾನು ದೊಡ್ಡ ಜಂಬಗಾರ. ಸರಿಯಾಗಿ ಕೂರದ ಶೂ ನನ್ನ ಕೈಯಿಂದ ಹೊರಗೆ ಹೋಗಬಾರದು ಎಂಬುದು ನನ್ನ ಹಟ. ಮದುವೆಗೆಂದು ಚೂಪು ಮೂತಿಯ ಶೂ ಕೇಳಲು ಬಂದ ಎಷ್ಟೋ ವರಮಹಾಶಯರನ್ನು, ಇದು ನಿಮ್ಮ ಕಾಲಿಗಲ್ಲ ಎಂದು ಬರಿಗೈಯಲ್ಲಿ ಕಳಿಸಿದ್ದೇನೆ. ಅವರು ಪಕ್ಕದ ಅಂಗಡಿಗೆ ಹೋಗಿ ಅದನ್ನೇ ಕೊಂಡು, ನಮ್ಮ ಗಾಜಿನ ಮುಂದೆಯೇ ನಡೆದು ಹೋಗುತ್ತಿದ್ದರು. ನಮ್ಮ ಮ್ಯಾನೇಜರು ಒಳ್ಳೆಯ ಪಂಜಾಬಿ ಮನುಷ್ಯ. ತಲೆಯ ಮೇಲೆ ಕೈ ಹೊತ್ತು, ಭಾಯಿ ಸಾಹಬ್, ಇದು ಆಸ್ಪತ್ರೆಯಲ್ಲ, ಅಂಗಡಿ ಎಂದು ನೆನಪಿಸುತ್ತಿದ್ದರು.

ವಿದ್ಯೆ ಹೆಚ್ಚಾದ ಮೇಲೆ ನಾನು ನಡಿಗೆಯನ್ನೂ ಓದತೊಡಗಿದೆ. ಹತ್ತಿರದ ಇಂಜಿನಿಯರಿಂಗ್ ಸಂಸ್ಥೆಯ ಒಬ್ಬರು ಪ್ರೊಫೆಸರರು ಬಂದರು. ಬಾಗಿಲಿನಿಂದ ಬೆಂಚಿನವರೆಗೆ ಅವರು ನಡೆದು ಬಂದದ್ದನ್ನು ನೋಡಿ, ನೀವು ಎಡಕ್ಕೆ ವಾಲುತ್ತೀರಿ, ಬಹುಶಃ ಬೆನ್ನೂ ನೋಯುತ್ತಿರಬೇಕು, ಎಡ ಹಿಮ್ಮಡಿಗೆ ಒಂದು ಪ್ಯಾಡ್ ಹಾಕಲೇಬೇಕು ಎಂದು ಗಂಭೀರವಾಗಿ ಹೇಳಿದೆ. ಅವರು ಅಷ್ಟೇ ಗಂಭೀರವಾಗಿ ಕೇಳಿಸಿಕೊಂಡು, ಕೋಟಿನ ಎಡ ಜೇಬಿನಿಂದ ಮನೆಯಾಕೆ ತರಿಸಿದ್ದ ಕಲ್ಲುಪ್ಪಿನ ದೊಡ್ಡ ಪ್ಯಾಕೆಟ್ಟನ್ನು ತೆಗೆದು ಬೆಂಚಿನ ಮೇಲಿಟ್ಟರು. ಆಮೇಲೆ ನೆಟ್ಟಗೆ ನಡೆದು ತೋರಿಸಿದರು. ಅಂಗಡಿಯಲ್ಲಿ ಈಗಲೂ ನಾನು ಯಾರಿಗಾದರೂ ಸಲಹೆ ಕೊಡತೊಡಗಿದರೆ ಹಿಂದಿನಿಂದ ಯಾರೋ ಒಬ್ಬರು ನಮಕ್, ನಮಕ್ ಎಂದು ಆ ಉಪ್ಪನ್ನು ನೆನಪಿಸುತ್ತಾರೆ.

ಇಷ್ಟೆಲ್ಲ ಪರಿಣತನಾದ ನನ್ನ ಮನೆಯಲ್ಲೇ, ನನ್ನ ಸ್ವಂತ ಅಪ್ಪ, ತಪ್ಪು ನಂಬರಿನ ಶೂ ಹಾಕಿಕೊಂಡು ಕುಂಟುತ್ತಿದ್ದರು.

ನಿವೃತ್ತಿಯಾದ ಮೇಲೆ ಕ್ವಾರ್ಟರ್ಸು ಬಿಟ್ಟು ಅಪ್ಪ ಅಮ್ಮ ನಮ್ಮ ಘಾಜಿಯಾಬಾದಿನ ಫ್ಲ್ಯಾಟಿಗೆ ಬಂದರು. ಬೆಳಿಗ್ಗೆ ಅಪ್ಪ ಸೊಸೈಟಿಯ ಪಾರ್ಕಿನಲ್ಲಿ ವಾಕಿಂಗ್ ಹೋಗುತ್ತಾರೆ. ಬಾಲ್ಕನಿಯಿಂದ ನೋಡಿದರೆ ಸಾಕು, ನನ್ನಂಥವನಿಗೆ ತಿಳಿಯುತ್ತದೆ. ವಯಸ್ಸಾದಂತೆ ಪಾದ ಹರಡುತ್ತದೆ, ಉದ್ದವಾಗುತ್ತದೆ. ಅಪ್ಪನ ಪಾದ ಒಂಬತ್ತಾಗಿ ಬಹಳ ಕಾಲವಾಗಿತ್ತು. ಶೂ ಇನ್ನೂ ಎಂಟರಲ್ಲೇ ಇತ್ತು. ಹೊಸದಾಗಿ ದೆಹಲಿಗೆ ಬಂದಾಗ ಮೊದಲ ಸಲ ಶೂ ಕೊಂಡಾಗ ಅಂಗಡಿಯವನು ಎಂಟು ಎಂದಿದ್ದನಂತೆ. ಅಲ್ಲಿಂದ ಅದು ದಾಖಲಾಗಿಬಿಟ್ಟಿತ್ತು. ಸರ್ಕಾರಿ ಮನೆಯಲ್ಲಿ ಬೆಳೆದವರಿಗೆ ಇದು ಅರ್ಥವಾಗುತ್ತದೆ: ದಾಖಲೆಯಲ್ಲಿ ಒಮ್ಮೆ ಹತ್ತಿದ್ದು ಮುಗಿಯಿತು, ದೇಹವೇ ಅದಕ್ಕೆ ಹೊಂದಿಕೊಳ್ಳಬೇಕು. ಅಪ್ಪನ ಹುಟ್ಟಿದ ದಿನವೂ ಹಾಗೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ದಿನ ಅದು, ತಪ್ಪು ಎಂದು ಅಪ್ಪನಿಗೆ ಗೊತ್ತು. ಆದರೂ ನಿವೃತ್ತರಾದದ್ದು ಆ ತಪ್ಪು ದಿನಕ್ಕೇ, ಸ್ವಲ್ಪವೂ ಗೊಣಗದೆ.

ನಾನು ಒಂಬತ್ತು ನಂಬರಿನ ಒಳ್ಳೆಯ ಜೋಡಿಯೊಂದನ್ನು ಮನೆಗೆ ತಂದೆ. ಅಪ್ಪ ಶೂವನ್ನು ಹಾಕಿ ನೋಡಲಿಲ್ಲ. ಬೋರಲು ಹಾಕಿ ಅಟ್ಟೆಯ ಮೇಲಿನ ನಂಬರನ್ನು ಓದಿದರು. ಯಾವ ಶೂ ಕೈಗೆ ಬಂದರೂ ಅವರು ಮೊದಲು ಮಾಡುವ ಕೆಲಸ ಅದು, ಕಡತದ ಕೊನೆಯ ಸಹಿ ನೋಡುವಂತೆ. “ಇದು ನನ್ನದಲ್ಲ” ಎಂದು ಪೆಟ್ಟಿಗೆಗೆ ವಾಪಸ್ಸು ಹಾಕಿದರು. ನಾನು ವಾದಿಸಿದೆ. ಅಪ್ಪನ ಬಳಿ ಕಾನೂನಿನ ಪಾಯಿಂಟು ಇತ್ತು. ನನ್ನ ಕಾಲಿನ ನಂಬರು ಎಂಟು. ಮಗನದು ಎಂಟಾದರೆ ಅಪ್ಪನದು ಹೇಗೆ ಒಂಬತ್ತಾಗುತ್ತದೆ, ಮಗ ಅಪ್ಪನನ್ನು ಹೋಲಬೇಕೋ ಬೇಡವೋ ಎಂದು ಕೇಳಿದರು. ಹಾಗಾದರೆ ಒಂದು ದಿನ ಅಂಗಡಿಗೆ ಬನ್ನಿ, ಅಳೆದು ತೋರಿಸುತ್ತೇನೆ ಎಂದೆ. ಅವರು ಪೇಪರು ಬಿಡಿಸಿಕೊಂಡರು.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ಅವರ ಕಾಲಿಗಿಂತ ಹೆಚ್ಚಾಗಿ ನನ್ನದೇ ಚಿಂತೆ ಇತ್ತು. ಅಪ್ಪ ಒಮ್ಮೆ ಅಂಗಡಿಗೆ ಬರಬೇಕು. ಬೆಂಚಿನ ಮೇಲೆ ಕೂತು ನಾನು ಮಾಡುವುದನ್ನು ನೋಡಬೇಕು. ನೋಡಿ, ಇದೂ ಒಂದು ಕೆಲಸ ಎಂದು ಒಪ್ಪಬೇಕು. ಗಡ್ಡ ಬಂದು ಮಗಳಿಗೇ ಅಪ್ಪನಾದವನು ತನ್ನ ಅಪ್ಪನಿಂದ ಇನ್ನೂ ಇಷ್ಟನ್ನು ಬಯಸುತ್ತಿದ್ದ ಎಂದರೆ ನೀವು ನಗಬಹುದು. ನಾನೂ ನಗುತ್ತೇನೆ. ಆದರೆ ಬಯಸುತ್ತಿದ್ದೆ.

ಕೊನೆಗೆ ಅವರನ್ನು ಕರೆತಂದದ್ದು ನಾನಲ್ಲ, ಸಕ್ಕರೆ. ಡಾಕ್ಟರು ಅಪ್ಪನ ಬಲಗಾಲಿನ ಹೆಬ್ಬೆರಳು ನೋಡಿ ಗದರಿದರಂತೆ. ಡಯಾಬಿಟೀಸ್ ಇಟ್ಟುಕೊಂಡು ಬಿಗಿ ಶೂ ಹಾಕುತ್ತೀರಾ, ಇವತ್ತೇ ಬದಲಾಯಿಸಿ ಎಂದರಂತೆ. ಆರ್.ಕೆ.ಪುರಂ ದಿನಗಳಿಂದಲೂ ತೋರಿಸುತ್ತಿದ್ದ ಆ ಡಾಕ್ಟರ ಕ್ಲಿನಿಕ್ಕು ನಮ್ಮ ಮಾರ್ಕೆಟ್ಟಿನ ಹಿಂದೆಯೇ. ಒಂದು ಚಳಿಗಾಲದ ಮಧ್ಯಾಹ್ನ, ಬಾಗಿಲು ತೆರೆದು ಮೊದಲು ಅಮ್ಮ, ಅವಳ ಹಿಂದೆ ಸ್ವೆಟರಿನ ಜೇಬಿನಲ್ಲಿ ಎರಡೂ ಕೈ ಹುದುಗಿಸಿಕೊಂಡ ಅಪ್ಪ ಒಳಗೆ ಬಂದರು. ಆಗ ನಾನು ಒಬ್ಬ ಮಹಿಳೆಯ ಮುಂದೆ ಮಂಡಿಯೂರಿ ಅವರ ಸ್ಯಾಂಡಲ್ಲಿನ ಬಕಲು ಹಾಕುತ್ತಿದ್ದೆ. ಅಪ್ಪ ಮೊದಲ ಬಾರಿಗೆ ಬಂದ ಗಳಿಗೆಯಲ್ಲಿ ನಾನು ಹಿಡಿದಿದ್ದದ್ದು ಬೇರೆಯವರ ಕಾಲನ್ನೇ.

ಹೊಸ ಸೇಲ್ಸ್‌ಮನ್ ಒಬ್ಬ ಓಡಿ ಹೋಗಿ, ಆಯಿಯೇ ಅಂಕಲ್‌ಜಿ ಎಂದ. ಅಪ್ಪ ಕಾಯುತ್ತೇವೆ ಎಂದು ತಮ್ಮ ಮಡಿ ಹಿಂದಿಯಲ್ಲಿ ಹೇಳಿ ಬೆಂಚಿನ ತುದಿಯಲ್ಲಿ ಕೂತರು. ಯಾರಿಗೆ ಕಾಯುತ್ತೇವೆ ಎಂದು ಹೇಳಲಿಲ್ಲ. ಅದನ್ನು, ಇವನು ನಮ್ಮ ಹುಡುಗ ಎಂಬುದನ್ನು, ಅಮ್ಮ ಇಡೀ ಅಂಗಡಿಗೆ ಕೇಳುವಂತೆ ಹೇಳಿದಳು: “ಯೇ ಹಮಾರಾ ಲಡಕಾ ಹೈ.” ಅಪ್ಪ ಮೊಣಕಾಲೆತ್ತರದ ಕನ್ನಡಿಯಲ್ಲಿ ತಮ್ಮದೇ ಶೂಗಳನ್ನು ನೋಡುತ್ತಾ ಕೂತಿದ್ದರು.

ನಾನು ಸ್ಟೂಲನ್ನು ಅವರ ಮುಂದೆ ಎಳೆದುಕೊಂಡು ಕೂತೆ. ಎಷ್ಟೋ ಸಲ ಮನಸ್ಸಿನಲ್ಲೇ ತಾಲೀಮು ಮಾಡಿದ್ದ ದೃಶ್ಯ. ಅಪ್ಪ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡು, ನೀನು ಮುಟ್ಟಬೇಡ, ನಾನೇ ಬಿಚ್ಚುತ್ತೇನೆ ಎಂದರು. ಬಗ್ಗಿದರು, ಹೊಟ್ಟೆ ಅಡ್ಡ ಬಂತು, ಲೇಸು ಸಿಕ್ಕಲಿಲ್ಲ. ಅಮ್ಮ, ಸುಮ್ನೆ ಕೊಡೀಂದ್ರೆ ಕಾಲು ಎಂದಳು. ಅಪ್ಪ ಕಾಲು ಕೊಟ್ಟರು.

ಶೂ, ಕಾಲುಚೀಲ ತೆಗೆದೆ. ಅಳತೆಯ ಸ್ಟೀಲಿನ ಹಲಗೆಯ ಮೇಲೆ ಹಿಮ್ಮಡಿಯನ್ನು ಕೂರಿಸಿ, ಗುರುತು ನೋಡಲು ತಲೆ ಬಗ್ಗಿಸಿದೆ. ಬಗ್ಗಿಸಿದ್ದೇ ತಡ, ತಲೆಯ ಮೇಲೆ ಅಪ್ಪನ ಕೈ ಬಂತು. “ದೀರ್ಘಾಯುಷ್ಮಾನ್ ಭವ” ಎಂದರು, ಸ್ಪಷ್ಟವಾಗಿ, ಸ್ವರ ಸಮೇತ.

ಅದು ಅವರ ತಪ್ಪಲ್ಲ. ಯುಗಾದಿ, ಗೌರಿ ಹಬ್ಬ, ಪರೀಕ್ಷೆಯ ದಿನ ಎಂದು ಜನ್ಮವಿಡೀ ನನ್ನ ತಲೆ ಅವರ ಕಾಲಿನ ಬಳಿ ಬಂದಾಗಲೆಲ್ಲ ಆ ಕೈ ಹಾಗೆ ಬಂದೇ ಬಂದಿದೆ. ಕೈಗೇನು ಗೊತ್ತು ಇದು ಅಂಗಡಿ ಎಂದು? ಸ್ಯಾಂಡಲ್ಲಿನ ಮಹಿಳೆ ತಿರುಗಿ ನೋಡಿ, ಹಿಂದಿಯಲ್ಲಿ, ಇದೂ ಶೂ ಜೊತೆಗೆ ಸಿಗುತ್ತದೆಯೇ ಎಂದು ಕೇಳಿದರು. ಅಪ್ಪ ಬೆಚ್ಚಿ ಕೈಯನ್ನು ಮತ್ತೆ ಸ್ವೆಟರಿನ ಜೇಬಿಗೆ ಹಾಕಿಕೊಂಡರು.

ನನಗೆ ನಗು ಬರಲಿಲ್ಲ. ನಾನು ಅಪ್ಪನ ಕಾಲು ನೋಡುತ್ತಿದ್ದೆ. ಅಷ್ಟು ಸಲ ಮುಟ್ಟಿದ್ದೇನೆ, ನೋಡಿದ್ದೇ ಇಲ್ಲ. ನಮಸ್ಕಾರ ಮಾಡುವಾಗ ಯಾರು ನೋಡುತ್ತಾರೆ? ಬೆರಳ ತುದಿ ತಾಗಿಸಿ ಕಣ್ಣಿಗೊತ್ತಿಕೊಂಡು ಎದ್ದುಬಿಡುವುದು. ಊರವರ ಕಾಲನ್ನೆಲ್ಲ ಬಾಯಿಪಾಠ ಮಾಡಿಕೊಂಡವನು ಮನೆಯದನ್ನೇ ಬಿಟ್ಟಿದ್ದೆ. ಬೆರಳುಗಳು ಒಂದರ ಮೇಲೊಂದು ಏರಿ ಒಳಕ್ಕೆ ಮುದುರಿಕೊಂಡಿದ್ದವು. ಕಿರುಬೆರಳಿನ ಮೇಲೆ ಗಟ್ಟಿಯಾದ ಆಣಿ. ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಈ ಕಾಲಲ್ಲೇ ಅವರು ಬಸ್ಸಿನಲ್ಲಿ ನಿಂತು ಆಫೀಸಿಗೆ ಹೋಗಿದ್ದಾರೆ, ನನ್ನ ಶಾಲೆಗೆ ಬಂದಿದ್ದಾರೆ. ಹಲಗೆಯ ಗುರುತು ಒಂಬತ್ತರ ಮೇಲೆ ನಿಂತಿತ್ತು. ನಾನು ಗೆದ್ದಿದ್ದೆ, ಆದರೆ ಅಪ್ಪಾ, ನೋಡಿ ಒಂಬತ್ತು ಎನ್ನುವ ಬದಲು ಕಾಲುಚೀಲವನ್ನು ಮೆಲ್ಲಗೆ ಮತ್ತೆ ತೊಡಿಸಿದೆ.

ಒಪ್ಪದ ಗಿರಾಕಿಗಳಿಗೆ ನಮ್ಮಲ್ಲಿ ಒಂದು ಉಪಾಯವಿದೆ. ಒಂದು ಕಾಲಿಗೆ ಒಂದು ನಂಬರು, ಇನ್ನೊಂದಕ್ಕೆ ಇನ್ನೊಂದು ಹಾಕಿ ನಡೆಸುವುದು. ಕಾಲೇ ತೀರ್ಪು ಹೇಳುತ್ತದೆ. ಮೆತ್ತನೆಯ ಕಪ್ಪು ಶೂ ತರಿಸಿ, ಅಪ್ಪನ ಎಡಗಾಲಿಗೆ ಒಂಬತ್ತು, ಬಲಗಾಲಿಗೆ ಎಂಟು ಹಾಕಿ ಲೇಸು ಕಟ್ಟಿದೆ. ಅಪ್ಪ ಎದ್ದು ಕನ್ನಡಿಯವರೆಗೆ ನಡೆದರು, ತಿರುಗಿ ಬಂದರು, ಮತ್ತೆ ನಡೆದರು. ಎಡಗಾಲು ಊರುವಾಗ ಅವರ ಹುಬ್ಬು ಸಡಿಲವಾಗುತ್ತಿದ್ದದ್ದನ್ನು ನಾನು ನೋಡಿದೆ. ಕೂತು, “ಪರವಾಗಿಲ್ಲ” ಎಂದರು. ಅಪ್ಪನ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ. ಒಂಬತ್ತೇ ಕೊಡೋ ಎಂದು ಅಮ್ಮ ಹೇಳಿದಳು. ಅಪ್ಪ ಬೇಡ ಎನ್ನಲಿಲ್ಲ.

ಹೊಸ ಶೂವನ್ನು ಒಳ್ಳೆಯ ದಿನ ನೋಡಿ ಹಾಕಿಕೊಳ್ಳಬೇಕು ಎಂದು ಅಮ್ಮ ಹಟ ಹಿಡಿದಳು. ನಾನು ಅವನ್ನು ಕಳಚಿ, ಹಾಳೆ ಸುತ್ತಿ, ಇನ್ನೊಂದು ಜೊತೆ ಲೇಸು ಇಟ್ಟು, ಹಿಮ್ಮಡಿ ಜಾರಿಸಿ ಕೂರಿಸುವ, ಯಾರಿಗೂ ಕೊಡದ ಒಳ್ಳೆಯ ಶೂ ಹಾರ್ನೊಂದನ್ನೂ ಸೇರಿಸಿ ಪ್ಯಾಕ್ ಮಾಡಿದೆ. ಉಳಿದವನ್ನು ಇನ್ನೊಂದು ಪೆಟ್ಟಿಗೆಗೆ ಹಾಕಿ ಮೇಲಿಟ್ಟೆ. ಇಬ್ಬರನ್ನೂ ಆಟೋ ಹತ್ತಿಸಿ ಬಂದು, ಗಿರಾಕಿಗಳಿದ್ದರೂ ಇಲ್ಲದಿದ್ದರೂ, ಅವತ್ತಿಡೀ ಸಿಕ್ಕವರಿಗೆಲ್ಲ ಹೇಳಿದೆ: ನಮ್ಮಪ್ಪ ಬಂದಿದ್ದರು.

ಆಮೇಲಿನ ದಿನಗಳಲ್ಲಿ ನನ್ನ ಜಂಬಕ್ಕೆ ಮಿತಿ ಇರಲಿಲ್ಲ. ಅಪ್ಪ ಹೊಸ ಶೂ ಹಾಕಿಕೊಂಡು ಪಾರ್ಕಿಗೆ ಹೋಗತೊಡಗಿದರು. ನಾನು ಕಾಫಿ ಹಿಡಿದು ಬಾಲ್ಕನಿಯಲ್ಲಿ ನಿಂತು, ತೇರು ಕಟ್ಟಿದವನಂತೆ ನೋಡುತ್ತಿದ್ದೆ. ನನ್ನ ಮಗಳು ಪಕ್ಕದಲ್ಲಿ ನಿಂತು, “ಪಾಪಾ, ಅಜ್ಜ ಅಬ್ ಭೀ ಲಂಗಡಾ ರಹೇ ಹೈಂ” ಎಂದಳು. ಅಜ್ಜ ಇನ್ನೂ ಕುಂಟುತ್ತಿದ್ದಾರೆ ಎನ್ನುವಷ್ಟು ಕನ್ನಡ ಅವಳಿಗೆ ಬರುವುದಿಲ್ಲ, ಕಣ್ಣು ಮಾತ್ರ ಚೆನ್ನಾಗಿದೆ. ನಾನು ಅವಳಿಗೆ ವಿವರಿಸಿದೆ. ಹೊಸ ಶೂ ಪಳಗಬೇಕು. ಮೇಲಾಗಿ, ಬಹಳ ಕಾಲ ಕುಂಟಿದವರ ಮೈಗೆ ಕುಂಟುವುದೇ ಅಭ್ಯಾಸವಾಗಿರುತ್ತದೆ, ಅದು ಬಿಡಲು ಸಮಯ ಬೇಕು. ಅಜ್ಜನ ಕಾಲಿನ ವಿಷಯ ನನಗೆ ಗೊತ್ತೋ ನಿನಗೆ ಗೊತ್ತೋ ಎಂದೂ ಕೇಳಿದೆ. ಒಳಗಿನಿಂದ ಹೆಂಡತಿ ಕಲ್ಲುಪ್ಪು ಎಂದಳು.

ಅಂಗಡಿಯಲ್ಲಿ ಒಂದು ಬೆಳಿಗ್ಗೆ ಒಬ್ಬ ಗಿರಾಕಿ ಅದೇ ಕಪ್ಪು ಶೂ ಕೇಳಿದರು. ಹೊಸ ಸೇಲ್ಸ್‌ಮನ್ ಪೆಟ್ಟಿಗೆ ತಂದು ತೆರೆದ. ಎಡಗಾಲಿನದು ಎಂಟು, ಬಲಗಾಲಿನದು ಒಂಬತ್ತು. ಶೂ ಅಂಗಡಿಯಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಜೋಡಿ ತಪ್ಪಿದೆ ಎಂದರೆ ಊರಿನಲ್ಲಿ ಎಲ್ಲೋ ಒಬ್ಬರು ಉಳಿದರ್ಧ ಹಾಕಿಕೊಂಡು ನಮ್ಮನ್ನು ಬೈಯುತ್ತಿದ್ದಾರೆ ಎಂದರ್ಥ. ನನಗೆ ಮೈಯೆಲ್ಲ ಉರಿಯಿತು. ಗಿರಾಕಿ ಹೋದ ಮೇಲೆ ಎಲ್ಲರನ್ನೂ ಕೌಂಟರಿನ ಬಳಿ ನಿಲ್ಲಿಸಿ ಭಾಷಣ ಮಾಡಿದೆ. ಕೆಲಸ ಎಂದರೆ ಏನು, ಮನಸ್ಸಿಟ್ಟು ಮಾಡುವುದು ಎಂದರೆ ಏನು, ಯಾರದೋ ಕಾಲು ನಮ್ಮ ಕೈಯಲ್ಲಿ ಇಟ್ಟಾಗ ಅದು ಎಂಥ ನಂಬಿಕೆ ಎಂದು ನನ್ನ ಹಿಂದಿ ಮುಗಿಯುವವರೆಗೆ ಹೇಳಿದೆ. ಜೋಡಿ ತಪ್ಪಿಸುವವನು ಈ ಅಂಗಡಿಯಲ್ಲಿ ಇರಲು ಯೋಗ್ಯನಲ್ಲ ಎಂದೆ. ಮ್ಯಾನೇಜರು ಪೆಟ್ಟಿಗೆಯಲ್ಲಿದ್ದ ಎರಡೂ ಶೂಗಳನ್ನು ಕೈಗೆ ತೆಗೆದುಕೊಂಡು, ಒಂಬತ್ತರ ಎಡಗಾಲು, ಎಂಟರ ಬಲಗಾಲು ಯಾರಿಗೆ ಹೋಗಿರಬಹುದು ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಎಡಕ್ಕೆ ಒಂಬತ್ತು, ಬಲಕ್ಕೆ ಎಂಟು. ನನ್ನ ಭಾಷಣ ಅಲ್ಲಿಗೇ ನಿಂತಿತು. ನಾನು ನೀರು ಕುಡಿಯಲು ಹಿಂದಕ್ಕೆ ಹೋದೆ.

ಮರುದಿನ ಬೆಳಿಗ್ಗೆ ಅಪ್ಪ ವಾಕಿಂಗ್ ಮುಗಿಸಿ ಬರುವುದನ್ನೇ ಬಾಗಿಲ ಬಳಿ ಕಾಯುತ್ತಾ ನಿಂತಿದ್ದೆ. ಅವರು ಬಂದು ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಬೆತ್ತದ ಮೂಢಾದ ಮೇಲೆ ಕೂತರು. ಆ ಗಿಡ್ಡ ಪೀಠ ಆರ್.ಕೆ.ಪುರಂನಿಂದ ಅವರೊಂದಿಗೇ ಬಂದದ್ದು. ನಾನು ನೆಲದ ಮೇಲೆ ಕೂತು ಅವರ ಬಲಗಾಲನ್ನು ಎತ್ತಿ ಅಟ್ಟೆ ಓದಿದೆ. ಮಣ್ಣಿನ ನಡುವೆ ಎಂಟು ಕಾಣುತ್ತಿತ್ತು.

“ಅಪ್ಪ, ಇದು ಎಂಟು.”

“ಹೌದು.”

“ನಿಮಗೆ ಗೊತ್ತಿತ್ತಾ?”

“ಅವತ್ತು ಮನೆಗೆ ಬಂದ ಕೂಡಲೇ ತಿರುಗಿಸಿ ನೋಡಿದ್ನಲ್ಲ.”

ನೋಡದೆ ಇರುತ್ತಾರೆಯೇ? ನನಗೇ ಅದು ಹೊಳೆಯಬೇಕಿತ್ತು. ನನ್ನ ಕಣ್ಣು ಅವರ ಕಾಲುಚೀಲದ ಮೇಲೆ ಬಿತ್ತು. ಹೆಬ್ಬೆರಳಿನ ಜಾಗದಲ್ಲಿ ಹತ್ತಿಯೋ ಬ್ಯಾಂಡೇಜೋ ಉಬ್ಬಿಕೊಂಡಿತ್ತು. ಡಾಕ್ಟರು ಗದರಿದ್ದ ಕಾಲು ಅದು. ಅಷ್ಟು ದಿನ, ಅದೇ ಕಾಲಿಗೆ, ಬಿಗಿ ಶೂ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

“ಮತ್ತೆ ಯಾಕೆ ಹೇಳ್ಲಿಲ್ಲ ನೀವು?”

ಅಪ್ಪ ಒಳಗೆ ಅಮ್ಮನಿಗೆ ಕೇಳದ ಹಾಗೆ ದನಿ ತಗ್ಗಿಸಿದರು. “ಹೇಳಿದ್ರೆ ನೀನು ವಾಪಸ್ ತಗೊಂಡು ಹೋಗ್ತಿದ್ದೆ. ಅಲ್ಲಿ ಎಲ್ರ ಮುಂದೆ ನಿನ್ನ ಕೆಲಸಕ್ಕೆ ಹೆಸರು ಕೆಡ್ತಿತ್ತು. ಅವತ್ತು ಅಷ್ಟು ಚೆನ್ನಾಗಿ ಮಾಡ್ತಿದ್ದೆ ಕಣೋ.”

ನಾನು ‘ಕೆಲಸ’ ಎಂಬ ಆ ಪದಕ್ಕಾಗಿ ಎಷ್ಟು ಕಾಲ ಕಾದಿದ್ದೆ ಎಂಬುದು ನಿಮಗೆ ಗೊತ್ತು. ಅದು ಬರುವಾಗ ನಾನು ಕೆಲಸದಲ್ಲಿ ಮಾಡಿದ ಅತಿ ದೊಡ್ಡ ತಪ್ಪಿನ ಜೊತೆಗೇ ಬರಬೇಕಾಯಿತು. ಅಪ್ಪ ಬಲಗಾಲನ್ನು ತಾವೇ ನನ್ನ ಮುಂದೆ ಚಾಚಿದರು.

“ತೆಗಿ. ನನಗೆ ಬಗ್ಗೋಕಾಗಲ್ಲ. ಯಾರಿಗೂ ಹೇಳ್ಬೇಡ, ಹೋಗ್ತಾ ಚೀಲದಲ್ಲಿ ಹಾಕ್ಕೊಂಡು ಹೋಗಿ ಬದಲಾಯಿಸ್ಕೊಂಡು ಬಾ.”

ನಾನು ಲೇಸು ಬಿಚ್ಚಿದೆ. ಅಂಗಡಿಗೆ ಹೋದವನು ಮ್ಯಾನೇಜರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪನ ಮಾತು ಮೀರಿದೆ, ಆದರೆ ಹಿಂದಿನ ದಿನ ನನ್ನ ಭಾಷಣ ಕೇಳಿ ತಲೆ ತಗ್ಗಿಸಿ ನಿಂತಿದ್ದ ಆ ಹೊಸಬನ ಮುಖಕ್ಕೆ ಇನ್ನೇನು ಉತ್ತರ ಕೊಡಲಿ? ಎಲ್ಲರೂ ಹೊಟ್ಟೆ ತುಂಬ ನಕ್ಕರು. ಸಂಜೆ ಒಂಬತ್ತರ ಬಲಗಾಲಿನ ಶೂ ಅಪ್ಪನಿಗೆ ತಲುಪಿತು. ಈಗ ಅವರು ಕುಂಟುವುದಿಲ್ಲ. ನಂಬರು ಕೇಳಿದರೆ ಮಾತ್ರ ಈಗಲೂ ಎಂಟು ಎಂದೇ ಹೇಳುತ್ತಾರೆ.

ಅಪ್ಪ ಹಾಕಿದ ಎಂಟರ ಶೂವನ್ನು ಮತ್ತೆ ಮಾರುವಂತಿರಲಿಲ್ಲ. ನನ್ನ ನಂಬರೂ ಎಂಟೇ ಆದ್ದರಿಂದ ಆ ಜೋಡಿಯನ್ನು ನಾನೇ ಕೊಂಡುಕೊಂಡೆ. ಎಡಗಾಲಿಗೆ ಸರಿಯಾಗಿ ಕೂರುತ್ತದೆ. ಬಲಗಾಲಿಗೆ ಸಡಿಲ, ಅಪ್ಪನ ಹೆಬ್ಬೆರಳು ಅಷ್ಟು ದಿನದಲ್ಲಿ ಮೂತಿಯನ್ನು ಒಳಗಿನಿಂದ ತಳ್ಳಿ ಅಗಲ ಮಾಡಿಬಿಟ್ಟಿದೆ. ಇಂಥ ಶೂವನ್ನು ನಾನು ಗಿರಾಕಿಗೆ ಎಂದೂ ಕೊಡುವುದಿಲ್ಲ. ದಿನವೂ ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗುತ್ತೇನೆ.